ಟೇಪು ಸಿಕ್ಕೊಂಡೈತ್ರಿ

ಏಪ್ರಿಲ್ ತಿಂಗಳಲ್ಲಿ ಬಾಗಲಕೋಟೆಯ ನವನಗರದಲ್ಲಿ ಫ್ಯಾನು ಕೈಕೊಟ್ಟರೆ ಮನೆಯೊಳಗೆ ಮಾತುಕತೆಯೇ ನಿಂತುಹೋಗುತ್ತದೆ. ನಮ್ಮ ಹಾಲಿನ ಫ್ಯಾನು ಮೂರು ದಿನದಿಂದ ಸತಾಯಿಸುತ್ತಿತ್ತು. ಕೋಲಿನಿಂದ ತಳ್ಳಿದರೆ ನಾಲ್ಕು ಸುತ್ತು ತಿರುಗುವುದು, ಆಮೇಲೆ ಕಟ್ಟೆ ಮೇಲಿನ ಮುತ್ಯಾನ ಹಾಗೆ ಸುಮ್ನೆ ಕೂತುಬಿಡುವುದು. ನಾಲ್ಕನೇ ಫೋನಿಗೆ ಮೆಕ್ಯಾನಿಕ್ ಬಂದ. ಸ್ಟೂಲು ಹತ್ತಿ, ಫ್ಯಾನು ಮುಟ್ಟುವ ಮೊದಲೇ "ಕಂಡೆನ್ಸರ್ ಹೋಗೇತ್ರಿ" ಎಂದು ತೀರ್ಪು ಕೊಟ್ಟು ಸ್ಕ್ರೂ ಬಿಚ್ಚತೊಡಗಿದ. ನಾನು ಮೂಲೆಯಲ್ಲಿ ಕೂತು ನನ್ನ ಪಾಡಿಗೆ ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಕೇಳುತ್ತಿದ್ದೆ.

ಹತ್ತು ನಿಮಿಷ ಆಗಿರಬೇಕು. ಆತ ಮೇಲಿನಿಂದ ಬಗ್ಗಿ ನೋಡಿದ.

"ಸರ, ನಿಮ್ಮ ಟೇಪು ಸಿಕ್ಕೊಂಡೈತ್ರಿ. ಹಾಡು ಮುಂದ ಹೋಗವಲ್ದು. ಇದು ಮುಗದ ಮ್ಯಾಲ ಅದ್ನೂ ನೋಡ್ಲ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಬಂತು. "ಅದು ಕೆಟ್ಟಿಲ್ಲಪಾ. ಕೆಟ್ಟಾವ್ರು ಬ್ಯಾರೇನ ಅದಾರ."

ಇಬ್ಬರದೂ ತಪ್ಪಿಲ್ಲ. ಸ್ಪೀಕರಿನಲ್ಲಿ ಬರುತ್ತಿದ್ದದ್ದು ಅಮೆರಿಕದ ಹಾಡುಗಾರ ಬಾಬ್ ಡಿಲನ್‌ನ 'ಲೈಕ್ ಎ ರೋಲಿಂಗ್ ಸ್ಟೋನ್'. ಅದರ ಹಿಂದೆ ಬಂದದ್ದೂ ಅದೇ. ಮುಂದೆ ಬರಬೇಕಾದದ್ದೂ ಅದೇ. 1965ರ ಜೂನ್ 15 ಮತ್ತು 16ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಆತ ಈ ಒಂದು ಹಾಡಿಗೆ ಇಪ್ಪತ್ತು ಸಲ ಪ್ರಯತ್ನ ಮಾಡಿದ. ಮೊದಲ ದಿನ ಐದು, ಮರುದಿನ ಹದಿನೈದು. ಹೆಚ್ಚಿನವು ನಡುದಾರಿಯಲ್ಲೇ ಮುಗ್ಗರಿಸುತ್ತವೆ. ಯಾರೋ ತಪ್ಪು ಬಾರಿಸುತ್ತಾರೆ, ಇನ್ಯಾರೋ ನಿಲ್ಲಿಸುತ್ತಾರೆ, ಕೆಮ್ಮು, ಗೊಣಗಾಟ, ಮತ್ತೆ ಮೊದಲಿಂದ. ಐವತ್ತು ವರ್ಷ ಕಳೆದ ಮೇಲೆ, 2015ರಲ್ಲಿ, ಕಂಪನಿಯವರು ಇದನ್ನೆಲ್ಲ ಹೊರಗೆ ತಂದರು. ಒಂದು ಪೂರ್ತಿ ಸಿ.ಡಿ.ಯ ತುಂಬ ಒಂದೇ ಹಾಡು. ನನ್ನ ಅಳಿಯ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಾನೆ. ಕೊಡುವಾಗ ನನ್ನ ಹೆಂಡತಿಯ ಮುಖ ನೋಡಿ "ತಪ್ಪಾತ್ರಿ ಅತ್ತಿ" ಎಂದ.

ಮೊದಲ ದಿನದ ಹಾಡು ಮೂರರ ಲೆಕ್ಕದಲ್ಲಿದೆ. ನಮ್ಮ ಕಡೆಯ ಕಿವಿಗೆ ದಾದ್ರಾ ತಾಳದ ನೆನಪು ತರುವ ಓಲಾಟ. ಎರಡನೇ ದಿನ ಅದನ್ನು ಬಿಟ್ಟು ನಾಲ್ಕರ ಲೆಕ್ಕಕ್ಕೆ ಬಂದರು. ಆ ದಿನದ ನಾಲ್ಕನೇ ಪ್ರಯತ್ನದಲ್ಲಿ ಹಾಡು ಸಿಕ್ಕಿತು. ಮುಂದೆ ಜಗತ್ತೆಲ್ಲ ಕೇಳಿದ್ದು ಅದನ್ನೇ. ತಮಾಷೆ ಇರುವುದು ಐದನೆಯದರಲ್ಲಿ. ಸಿಕ್ಕಿದ್ದು ಗೊತ್ತಾಗದೆ ಅವರು ಇನ್ನೂ ಹನ್ನೊಂದು ಸಲ ಹುಡುಕುತ್ತಾರೆ! ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ತಡಕುವವರ ಹಾಗೆ.

ಇಂಥದ್ದನ್ನು ಯಾಕೆ ಕೇಳುತ್ತೀರಿ ಎಂದು ನನ್ನನ್ನು ಕೇಳದವರಿಲ್ಲ. 2016ರಲ್ಲಿ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂದಾಗ ನಾನು ಗೆದ್ದೆ ಎಂದುಕೊಂಡು ಪೇಪರ್ ತೆಗೆದುಕೊಂಡು ಅಡುಗೆಮನೆಗೇ ಹೋಗಿದ್ದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಸಾಹಿತ್ಯಕ್ಕ ಕೊಟ್ಟಾರಲ್ರೀ. ಅಂದ್ರ ಓದಿ ಕೊಟ್ಟಾರ. ಕೇಳಿದ್ರ ಕೊಡ್ತಿದ್ದಿಲ್ಲ." ಆವತ್ತೇ ಅಂದುಕೊಂಡಿದ್ದೆ, ಇದಕ್ಕೊಂದು ಸರಿಯಾದ ಉತ್ತರ ಬರೆದಿಡಬೇಕು ಎಂದು. ಇವತ್ತು ಬರೆಯುತ್ತೇನೆ. ಅದಕ್ಕೆ ಮೊದಲು ಟೇಲರ್ ಬಗ್ಗೆ ಸ್ವಲ್ಪ ಹೇಳಬೇಕು.

ನಮ್ಮೂರು ಘಟಪ್ರಭೆಯ ದಂಡೆಯ ಮೇಲಿತ್ತು. ಈಗ ಆಲಮಟ್ಟಿ ಹಿನ್ನೀರಿನ ಕೆಳಗಿದೆ, ಆ ಕಥೆ ಬೇಡ. ಜಾತ್ರೆಗೆ ಪ್ರತಿ ವರ್ಷ ನಾಟಕ. ಹೆಸರು ನೆನಪಿಲ್ಲ, ನೆನಪಿದ್ದರೂ ಉಪಯೋಗವಿಲ್ಲ. ಆ ಹೆಸರುಗಳಲ್ಲಿ ತಂಗಿ ಇಲ್ಲವೇ ತಾಳಿ ಇರಲೇಬೇಕಿತ್ತು. 1983ರ ಜಾತ್ರೆಯ ನಾಟಕದ ತಾಲೀಮು ನಮ್ಮ ಪಡಸಾಲೆಯಲ್ಲಿ ನಡೆಯಿತು. ನಾನಾಗ ಎಂಟನೇ ಇಯತ್ತೆ. ಪರೀಕ್ಷೆ ಹತ್ತಿರ ಬಂದಿತ್ತು. ಪಡಸಾಲೆಯಲ್ಲಿ ಇಪ್ಪತ್ತು ಜನ ಕಿರುಚುತ್ತಿದ್ದರೆ ಓದುವುದು ಹೇಗೆ ಎಂಬ ನೆಪ ನನಗೆ ಸಿಕ್ಕಿತ್ತು.

ಪೇಟಿ (ಹಾರ್ಮೋನಿಯಂ) ಮಾಸ್ತರ ಮುಧೋಳ ಕಡೆಯವರು. ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಕಂಡಕ್ಟರ್ ಲಗೇಜು ಕೇಳಿದರೆ ಜಗಳ. ಎರಡು ತಿಂಗಳು ನಮ್ಮ ಮನೆಯಲ್ಲೇ ಊಟ. ಅರ್ಧ ತಾಸಿಗೊಮ್ಮೆ ಚಾ ಬರದಿದ್ದರೆ ಅವರ ಬೆರಳು ಏಳುತ್ತಿರಲಿಲ್ಲ. ನಮ್ಮ ಕಾಕಾಗೆ ವಿಲನ್ ಪಾರ್ಟು. ಆತ ಊರಿನಲ್ಲಿ ಇರುವೆಯನ್ನೂ ದಾಟಿ ನಡೆಯುವ ಮನುಷ್ಯ. ಅದಕ್ಕೇ ವಿಲನ್ ಪಾರ್ಟನ್ನು ಹಟ ಮಾಡಿ ಕೇಳಿ ತಗೊಂಡಿದ್ದ.

ನಾಯಕಿಯ ಪಾರ್ಟಿಗೆ ಕಂಪನಿ ನಾಟಕದ ನಟಿಯನ್ನು ಹೊರಗಿನಿಂದ ಕರೆಸುವುದು ರೂಢಿ. ಆಕೆ ಬರುವುದು ನಾಟಕದ ದಿನ ಸಂಜೆಯ ಬಸ್ಸಿಗೆ. ಮುಂಗಡ ಕೊಟ್ಟರೆ ಬರುತ್ತಾಳೆ, ಎರಡು ತಿಂಗಳ ತಾಲೀಮಿಗೆ ಯಾವ ನಟಿ ಬಂದು ಕೂಡುತ್ತಾಳೆ? ಹಾಗಾಗಿ ಅಲ್ಲಿಯವರೆಗೆ ಯಾರಾದರೊಬ್ಬರು ಆ ಮಾತುಗಳನ್ನು ಓದಬೇಕು. ಓದು ಬರುವವರು ಕಡಿಮೆ, ಬರುವವರಿಗೆಲ್ಲ ಪಾರ್ಟಿತ್ತು. ಕೊನೆಗೆ ಊರ ಟೇಲರ್‌ನನ್ನು ಹಿಡಿದು ತಂದರು. ಬಡಕಲು ಆಳು, ಗಿರಿಜಾ ಮೀಸೆ. ರಾತ್ರಿ ಹತ್ತು ಗಂಟೆಗೂ ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು. "ನಾ ಬರೇ ಓದ್ತೇನ್ರಿ, ಹಾಡೂದು ಗೀಡೂದು ನನಗ ಆಗಂಗಿಲ್ಲ" ಎಂದು ಷರತ್ತು ಹಾಕಿಯೇ ಕೂತ.

ಮೂರನೇ ಅಂಕದಲ್ಲಿ ನಾಯಕಿಯನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಹಾಕುವವನು ನಮ್ಮ ಕಾಕಾ. ಆಕೆ ಬಾವಿಕಟ್ಟೆಯ ಮೇಲೆ ಕೂತು ಹಾಡಬೇಕು. ಟೇಲರ್ ಒಂದು ವಾರ ಅದನ್ನು ಉದ್ರಿ ಚೀಟಿ ಓದಿದ ಹಾಗೆ ಓದಿದ. ಪೇಟಿ ಮಾಸ್ತರಿಗೆ ತಾಳ ಸಿಗುತ್ತಿಲ್ಲ. "ಏ, ಗುನುಗರ ಮಾಡೋ" ಎಂದು ಗದರಿದರು. ಟೇಲರ್ ಗುನುಗಿದ. ಮರುದಿನ ಸ್ವಲ್ಪ ಜೋರಾಗಿ ಗುನುಗಿದ. ಅದರ ಮರುದಿನ ಹಾಡಿದ.

ಏನು ಹೇಳಲಿ. ಕಲಿತ ಕಂಠ ಆಗಿರಲಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ನಡುವೆ ಒಡೆಯುತ್ತಿತ್ತು. ಒಡೆದ ಜಾಗದಲ್ಲಿ ಆತ ಒಂದು ಕ್ಷಣ ನಿಂತು, ಮಿಶಿನ್ನಿನಲ್ಲಿ ದಾರ ಕಡಿದಾಗ ಮತ್ತೆ ಪೋಣಿಸುತ್ತಾರಲ್ಲ, ಹಾಗೆ ಸ್ವರ ಪೋಣಿಸಿಕೊಂಡು ಮುಂದೆ ಹೋಗುತ್ತಿದ್ದ. ಮೀಸೆಯ ಗಂಡಸು ತವರಿಲ್ಲದವಳ ಹಾಡು ಹಾಡುತ್ತಿದ್ದಾನೆ, ಒಬ್ಬರೂ ನಗಲಿಲ್ಲ. ವಾರ ಕಳೆಯುವುದರೊಳಗೆ ಹಿತ್ತಲ ಬಾಗಿಲಲ್ಲಿ ಹೆಣ್ಣುಮಕ್ಕಳು ತುಂಬಿದರು. ನಮ್ಮ ಆಯಿ ಶೇಂಗಾ ಒಡೆಯುವುದನ್ನು ನಿಲ್ಲಿಸಿ ಕೂಡುತ್ತಿದ್ದಳು. ಕಾಕಾನ ಗತಿ ಕೆಟ್ಟಿತು. ಹಾಡು ಮುಗಿದ ಕೂಡಲೇ ಆತ ಗಹಗಹಿಸಿ ನಗಬೇಕು. ನಗು ಬರುತ್ತಿಲ್ಲ, ಟಾವೆಲ್ಲಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಾನೆ. ಪೇಟಿ ಮಾಸ್ತರ ಕೂಗುತ್ತಿದ್ದರು: "ಏ ವಿಲನ್ನಾ, ನೀ ಯಾಕ ಅಳತಿ? ನೀನ ಹೊರಗ ಹಾಕೀದಿ ಆಕೀನ!"

ಸೊಲ್ಲಾಪುರದ ಮಿಲ್ಲಿನಲ್ಲಿದ್ದ ಮಾಮಾ ಕಾಕಾಗೊಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದ. ಮಾತು ಬಾಯಿಪಾಠ ಮಾಡಲು ಎಂದು ಕಾಕಾ ತಾಲೀಮನ್ನು ರೆಕಾರ್ಡ್ ಮಾಡಿದ. ಅರವತ್ತು ನಿಮಿಷದ ಕ್ಯಾಸೆಟ್. ಅದರ ಬೆನ್ನಿನ ಎರಡು ಕಿವಿಗಳನ್ನೂ ಮೊಳೆಯಿಂದ ಮುರಿದು ಹಾಕಿದ, ಯಾರೂ ಅದರ ಮೇಲೆ ಬೇರೆ ತುಂಬಬಾರದು ಎಂದು.

ನಾಟಕದ ದಿನ ನಟಿ ಬಂದಳು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಹಾಡಿದಳು. ಜನ ವನ್ಸ್ ಮೋರ್ ಎಂದರು. ಬಾವಿಕಟ್ಟೆಯಿಂದ ಎದ್ದವಳು ಮತ್ತೆ ಕೂತು ಹಾಡಿದಳು. ಮತ್ತೆ ವನ್ಸ್ ಮೋರ್. ಮೂರು ಸಲ! ಆಯೇರಿ ಮಾಡುವವರ ಸಾಲು ಸ್ಟೇಜಿನ ಮೆಟ್ಟಿಲು ದಾಟಿತು. ಹೊರಗೆ ಹಾಕಿಸಿಕೊಂಡು ಅನಾಥಳಾದವಳ ಸೆರಗಿನ ತುಂಬ ಐದರ, ಹತ್ತರ ನೋಟು, ಮೈಕಿನಲ್ಲಿ ಕೊಟ್ಟವರ ಹೆಸರು. (ಒಂದೇ ಹಾಡನ್ನು ಮತ್ತೆ ಮತ್ತೆ ಕೇಳುವವರು ತಲೆಕೆಟ್ಟವರು ಎನ್ನುವವರು ಇದನ್ನು ದಯವಿಟ್ಟು ಗಮನಿಸಬೇಕು. ಅಡುಗೆಮನೆಗೂ ಕೇಳಿಸಲಿ.) ಟೇಲರ್‌ಗೆ ಆ ರಾತ್ರಿ ಪರದೆ ಎಳೆಯುವ ಕೆಲಸ. ಮೂರೂ ಸಲ ಹಗ್ಗ ಹಿಡಿದು ನಿಂತೇ ಇದ್ದ. ಮನೆಗೆ ಬರುವಾಗ ಆಯಿಯನ್ನು ಕೇಳಿದೆ, ಹೇಗಿತ್ತು ಎಂದು. "ಚಲೋ ಹಾಡಿದ್ಲು. ಆದ್ರ ಆಕಿ ಸೀರಿ ನೋಡೂದ್ರಾಗ ನನಗ ಅಳೂದ ಮರತ ಹೋತು" ಎಂದಳು.

ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಇನ್ನೊಂದು ಸ್ಟುಡಿಯೋದಲ್ಲಿ ಡಿಲನ್ ಪಿಯಾನೋ ಮುಂದೆ ಕೂತು, ಪಕ್ಕದಲ್ಲಿ ಮಾರ್ಕ್ ನಾಫ್ಲರ್ ಗಿಟಾರು ಹಿಡಿದು, 'ಬ್ಲೈಂಡ್ ವಿಲ್ಲಿ ಮೆಕ್‌ಟೆಲ್' ಹಾಡಿದ. ಆಲ್ಬಮ್ಮಿಗೆ ಸೇರಿಸಲಿಲ್ಲ. ಎಂಟು ವರ್ಷ ಅದು ಕಪಾಟಿನಲ್ಲಿತ್ತು, 1991ರಲ್ಲಿ ಹೊರಗೆ ಬಂತು. ಈಗ ಅದನ್ನು ಆತನ ದೊಡ್ಡ ಹಾಡುಗಳ ಸಾಲಿನಲ್ಲಿ ಇಡುತ್ತಾರೆ. ನಾನೂ ಇಡುತ್ತೇನೆ. ಎಷ್ಟೋ ಸಲ ಕೇಳಿದ್ದೇನೆ, ಪ್ರತಿ ಸಲ ಪರದೆ ಹಗ್ಗ ಕಣ್ಣಮುಂದೆ ಬರುತ್ತದೆ.

ಟೇಲರ್ ನೆನಪಾಗುವ ಇನ್ನೊಂದು ಜಾಗ ಇದೆ. ಜೂನ್ 16ರಂದು ಸ್ಟುಡಿಯೋಕ್ಕೆ ಅಲ್ ಕೂಪರ್ ಎಂಬ ಇಪ್ಪತ್ತೊಂದರ ಹುಡುಗ ನೋಡಲಿಕ್ಕೆಂದು ಬಂದಿದ್ದ. ಅವಕಾಶ ಸಿಕ್ಕರೆ ಇರಲಿ ಎಂದು ಗಿಟಾರು ತಂದಿದ್ದ. ಮೈಕ್ ಬ್ಲೂಮ್‌ಫೀಲ್ಡ್ ನುಡಿಸುವುದನ್ನು ಕೇಳಿ ತೆಪ್ಪಗೆ ಅದನ್ನು ಪೆಟ್ಟಿಗೆಗೆ ಹಾಕಿದ. ಆಮೇಲೆ ಆರ್ಗನ್ ಖಾಲಿ ಆಯಿತು. ಹುಡುಗ ಯಾರನ್ನೂ ಕೇಳದೆ ಹೋಗಿ ಕೂತ. ಆತ ಆರ್ಗನ್ ನುಡಿಸುವವನೇ ಅಲ್ಲ. ಉಳಿದವರು ಯಾವ ಸ್ವರಕ್ಕೆ ಹೋಗುತ್ತಾರೆ ಎಂದು ಕೇಳಿಕೊಂಡು, ಒಂದು ಕೂದಲೆಳೆ ಹಿಂದೆ ಒತ್ತುತ್ತಿದ್ದ. ಈತ ಆರ್ಗನ್ನಿನವನಲ್ಲ ಎಂದು ನಿರ್ಮಾಪಕ ಟಾಮ್ ವಿಲ್ಸನ್ ತಕರಾರು ತೆಗೆದ. ಡಿಲನ್ ಆರ್ಗನ್ನಿನ ದನಿ ಇನ್ನೂ ಏರಿಸಲು ಹೇಳಿದ. ಪೆನ್‌ಡ್ರೈವ್ ಹಾಕಿ ಒಂದೊಂದೇ ಪ್ರಯತ್ನ ಕೇಳಿದರೆ ಆ ಹುಡುಗ ತಡಕಾಡುತ್ತ ಹಾಡಿನೊಳಗೆ ಬರುವುದು ಕೇಳಿಸುತ್ತದೆ. ನಮ್ಮ ಟೇಲರ್ ಗುನುಗಲು ಶುರು ಮಾಡಿದ ಆ ವಾರದ ಹಾಗೆ. ನನಗೆ ಅಷ್ಟು ಸಾಕು.

ಸಾಕು ಎಂದೆ, ಆದರೆ ಎಲ್ಲರಿಗೂ ಅಷ್ಟು ಸಾಕಾಗುವುದಿಲ್ಲ. ಆ 2015ರ ಪೆಟ್ಟಿಗೆಯ ದೊಡ್ಡ ಆವೃತ್ತಿಯಲ್ಲಿ 18 ಸಿ.ಡಿ. ಇವೆ. ಕೇವಲ ಹದಿನಾಲ್ಕು ತಿಂಗಳ ಕೆಲಸ! ನನ್ನ ಗೆಳೆಯರೊಬ್ಬರಿದ್ದಾರೆ, ನಿವೃತ್ತ ಮಾಸ್ತರು. ಅವರ ಪ್ರಕಾರ ಬಿಟ್ಟ ಹಾಡೆಲ್ಲ ಬಂಗಾರ, ಆರಿಸಿ ಹಾಕಿದ್ದು ಜಳ್ಳು. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹದಿನೈದರಲ್ಲಿ ನಾಲ್ಕನೆಯದನ್ನು ಆರಿಸಿದವರು ಕಿವಿ ಇದ್ದವರೇ ರೀ. ಉಳಿದ ಹದಿನಾಲ್ಕು ನಾಲ್ಕನೆಯದಕ್ಕಿಂತ ಕೆಟ್ಟದಾಗಿಯೇ ಇವೆ, ನಾನು ಎಲ್ಲ ಕೇಳಿದ್ದೇನೆ. ಕೆಟ್ಟದ್ದನ್ನು ಕೆಟ್ಟದ್ದು ಎಂದು ಗೊತ್ತಿದ್ದೇ ಕೇಳುವುದರಲ್ಲಿ ಒಂದು ಸುಖ ಇದೆ. ಅದನ್ನು ಅವರು ಹಾಳು ಮಾಡುತ್ತಾರೆ. ಮೇಲಾಗಿ ಪ್ರತಿ ಸಲ ಐಹೊಳೆಯನ್ನು ಎಳೆದು ತರುತ್ತಾರೆ. "ಐಹೊಳಿ ಅಂದ್ರ ತಾಲೀಮು, ಪಟ್ಟದಕಲ್ಲು ಅಂದ್ರ ಪ್ರಯೋಗ." ಗೈಡುಗಳು ಹೇಳಿ ಹೇಳಿ ಸವೆಸಿದ ಮಾತು. ಐಹೊಳೆಯಲ್ಲಿ ನೂರಕ್ಕೂ ಜಾಸ್ತಿ ಗುಡಿಗಳಿವೆ. ದುರ್ಗದ ಗುಡಿಯ ಆ ಗಜಪೃಷ್ಠದ ಬೆನ್ನು ಕಟ್ಟಿದವನು, ಇದು ಸುಮ್ನೆ ತಾಲೀಮು, ಮುಂದೆ ಯಾರೋ ಪಟ್ಟದಕಲ್ಲಿನಲ್ಲಿ ಸರಿ ಮಾಡುತ್ತಾರೆ ಎಂದು ಕಲ್ಲು ಹೊತ್ತನೇ? ಒಮ್ಮೆ ಇದನ್ನು ಅವರ ಮುಖಕ್ಕೇ ಹೇಳಿದೆ. ಎರಡು ವಾರ ವಾಕಿಂಗಿಗೆ ಬರಲಿಲ್ಲ. ಹಾಯಾಗಿತ್ತು.

ಕಂಪನಿಗಳೂ ಕಡಿಮೆ ಇಲ್ಲ. ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕನ್ನು 50 ವರ್ಷದಿಂದ 70ಕ್ಕೆ ಏರಿಸಿದರು. ಆದರೆ ಐವತ್ತು ವರ್ಷದೊಳಗೆ ಹೊರಗೆ ತರದಿದ್ದರೆ ಹಕ್ಕು ಹೋಗುತ್ತದೆ. ಆಗ ನೋಡಿ ಇವರಿಗೆ ಹಳೆಯ ಟೇಪುಗಳ ಮೇಲೆ ಪ್ರೀತಿ ಉಕ್ಕಿದ್ದು. 2012ರ ಕೊನೆಗೆ ಡಿಲನ್‌ನ 1962ರ ಟೇಪುಗಳನ್ನು ಸುಮಾರು ನೂರು ಪ್ರತಿ ಮಾಡಿ ಮಾರಿದರು. ನೂರೇ ನೂರು! ಪಹಣಿಯಲ್ಲಿ ಹೆಸರು ಉಳಿಯಲಿ ಎಂದು ಹೊಲದ ಮೂಲೆಯಲ್ಲಿ ನಾಲ್ಕು ಸಾಲು ಜೋಳ ಬಿತ್ತುತ್ತಾರಲ್ಲ, ಥೇಟ್ ಹಾಗೆ.

ಕ್ಯಾಸೆಟ್ಟಿನ ಮಾತು ಬಿಟ್ಟೇಹೋಯಿತು. ಬಿಟ್ಟೇಹೋದರೆ ಒಳ್ಳೆಯದಿತ್ತು.

1985ರಲ್ಲಿ ಪಿಯುಸಿಗೆ ಬೆಳಗಾವಿಗೆ ಹೋದೆ. ಕಾಕಾ ತನ್ನ ಟೇಪ್ ರೆಕಾರ್ಡರನ್ನು ನನಗೇ ಕೊಟ್ಟ. ಜೊತೆಗೆ ಬಂದ ಒಂದೇ ಕ್ಯಾಸೆಟ್, ತಾಲೀಮಿನದು. ರೂಮಿನಲ್ಲಿ ಗೋವಾದ ಹುಡುಗನೊಬ್ಬನಿದ್ದ. ಅವನ ಹತ್ತಿರ ಡಿಲನ್‌ನ ಆಲ್ಬಮ್ 'ಹೈವೇ 61 ರೀವಿಸಿಟೆಡ್' ಇತ್ತು. ಮೊದಲ ಸಲ ಕೇಳಿದಾಗ ಒಂದು ಅಕ್ಷರ ತಿಳಿಯಲಿಲ್ಲ, ರಾತ್ರಿ ನಿದ್ದೆಯೂ ಬರಲಿಲ್ಲ. ಅವನು ರಜೆಗೆ ಊರಿಗೆ ಹೊರಡುವವನಿದ್ದ. ಹೊಸ ಕ್ಯಾಸೆಟ್ಟಿಗೆ ನನ್ನ ಹತ್ತಿರ ದುಡ್ಡಿರಲಿಲ್ಲ. ನಾನು ಕಾಗದದ ಚೂರನ್ನು ಉಂಡೆ ಮಾಡಿ ಕಾಕಾ ಮುರಿದ ಆ ಎರಡು ಕಿವಿಗಳ ಜಾಗದಲ್ಲಿ ತುರುಕಿದೆ. ಎರಡು ಟೇಪ್ ರೆಕಾರ್ಡರುಗಳನ್ನು ಎದುರುಬದುರು ಇಟ್ಟು, ಯಾರೂ ಮಾತಾಡಬೇಡಿ ಎಂದು ಬಾಗಿಲು ಹಾಕಿದೆವು. ಹೊರಗೆ ಬೆಳಗಾವಿಯ ಮಳೆ ತಗಡಿನ ಮೇಲೆ. ನನ್ನ 'ಹೈವೇ 61'ರ ತುಂಬ ಆ ಮಳೆ ಇದೆ.

ಆಲ್ಬಮ್ ಒಂದು ಬದಿಗೆ ಇಪ್ಪತ್ತೈದೂವರೆ ನಿಮಿಷ ಚಿಲ್ಲರೆ. ಕ್ಯಾಸೆಟ್ ಮೂವತ್ತು. ಹಾಗಾಗಿ ಎರಡೂ ಬದಿಗಳ ಬಾಲದಲ್ಲಿ ನಾಲ್ಕು ನಾಲ್ಕು ನಿಮಿಷ ನಮ್ಮ ಪಡಸಾಲೆ ಉಳಿದುಕೊಂಡಿತು. ಒಂದನೇ ಬದಿಯಲ್ಲಿ ಡಿಲನ್ ಮುಗಿಸಿದ ಕೂಡಲೇ ಪೇಟಿ ಮಾಸ್ತರ "ಚಾ ಎಲ್ಲೈತೋ!" ಎಂದು ಗುಡುಗುತ್ತಾರೆ. ಹಾಸ್ಟೆಲಿನ ಹುಡುಗರು ಅದಕ್ಕಾಗಿಯೇ ಕಾಯುತ್ತಿದ್ದರು. ಎರಡನೇ ಬದಿಯಲ್ಲಿ 'ಡೆಸೊಲೇಷನ್ ರೋ' ಹನ್ನೊಂದು ನಿಮಿಷ ಹರಿದು ಮುಗಿಯುತ್ತದೆ. ಆಮೇಲೆ ಮೂರು ನಿಮಿಷ ಪೆಟ್ರೋಮ್ಯಾಕ್ಸಿನ ಮ್ಯಾಂಟಲ್ ಯಾರು ತರಬೇಕಿತ್ತು ಎಂಬ ಜಗಳ. ಆಮೇಲೆ ಪೇಟಿ. ಆಮೇಲೆ ಟೇಲರ್. ಎರಡು ಸಾಲು. ಮೂರನೆಯದಕ್ಕೆ ಏರುತ್ತಾನೆ, ದನಿ ಒಡೆಯುತ್ತದೆ, ನಿಲ್ಲುತ್ತಾನೆ. ಟಕ್. ಟೇಪು ಮುಗಿಯಿತು.

ಕಾಕಾ ಒಮ್ಮೆ ಯಾವುದೋ ಕೆಲಸಕ್ಕೆ ಬೆಳಗಾವಿಗೆ ಬಂದವನು ರೂಮಿಗೂ ಬಂದ. ಕುಂದಾ ತಂದಿದ್ದ. ಮಂಚದ ಮೇಲೆ ಕೂತು "ನಮ್ಮ ಟೇಲರ್ ಹಾಡು ಹಚ್ಚೋ" ಎಂದ. ಏನು ಮಾಡಲಿ, ಎರಡನೇ ಬದಿ ಹಚ್ಚಿದೆ. ಮುಂದಕ್ಕೆ ಓಡಿಸಬೇಕೆಂದು ಹೊಳೆಯಲೂ ಇಲ್ಲ. ಕಾಕಾ ಇಪ್ಪತ್ತಾರು ನಿಮಿಷ ಕೈಕಟ್ಟಿ ಕೂತು ಡಿಲನ್‌ನನ್ನು ಪೂರ್ತಿ ಕೇಳಿದ. ನಡುವೆ ಒಮ್ಮೆ ಮಾತ್ರ "ಇಂವಗ ಗಂಟಲ ಕಟ್ಟೇತೇನು?" ಎಂದ. ಕೊನೆಗೆ ಟೇಲರ್ ಬಂದ, ಹೋದ. ಟಕ್. ಕಾಕಾ ಟೇಪ್ ರೆಕಾರ್ಡರನ್ನೇ ಸ್ವಲ್ಪ ಹೊತ್ತು ನೋಡಿದ. "ಇಂವಾ ಮುಗಸೂದ್ರಾಗ ಅಂವಾ ಹ್ವಾದನಲ್ಲೋ" ಎಂದು ಚಪ್ಪಲಿ ಹಾಕಿಕೊಂಡ. ಬೈಯಲಿಲ್ಲ. ಬೈದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು.

ಈ ಕಥೆಯ ಅರ್ಧವನ್ನು ನಾನು ಫ್ಯಾನಿನ ಮೆಕ್ಯಾನಿಕ್‌ಗೆ ಹೇಳಿದೆ. ಆತ ಸ್ಟೂಲಿನ ಮೇಲೇ ಕೂತು ಕೇಳಿದ. ಆ ಹೊತ್ತಿಗೆ ಸ್ಪೀಕರಿನಲ್ಲಿ ಹದಿನಾರನೆಯದೋ ಹದಿನೇಳನೆಯದೋ ನಡೆದಿತ್ತು.

"ಸರ, ತೊಟ್ಟಲಾ ತೂಗಿದಂಗ ಒಂದ ಬಂತಲ್ರೀ ಮೊದಲಿಗೆ? ಅದ ಚಲೋ ಇತ್ರಿ" ಎಂದ. ಮೊದಲ ದಿನದ್ದು, ಮೂರರ ಲೆಕ್ಕದ್ದು! ನಾನು ಅಡುಗೆಮನೆ ಕಡೆ ನೋಡಿದೆ. ಕುಕ್ಕರ್ ಸೀಟಿ ಹೊಡೆಯಿತು, ಬೇರೆ ಉತ್ತರ ಬರಲಿಲ್ಲ.

ಅದೇ ಉತ್ಸಾಹದಲ್ಲಿ ಅಟ್ಟದಿಂದ ಕಾಕಾನ ಟೇಪ್ ರೆಕಾರ್ಡರ್ ಇಳಿಸಿದೆ. ಇಪ್ಪತ್ತು ವರ್ಷದಿಂದ ಅದು ಸುತ್ತುವುದಿಲ್ಲ. ಆತ ಹಿಂದಿನ ಮುಚ್ಚಳ ತೆಗೆದು, ಬೆರಳಿಗೆ ಅಂಟಿದ ಕರಿ ಮೇಣದಂಥದ್ದನ್ನು ತೋರಿಸಿದ. "ಬೆಲ್ಟ್ ಕರಗೇತ್ರಿ. ಹುಬ್ಬಳ್ಯಾಗ ಸಿಗತೈತಿ. ನಾಕ ದಿನದಾಗ ಮಾಡಿ ಕೊಡ್ತೇನಿ." ಕ್ಯಾಸೆಟ್ಟನ್ನೂ ಕೇಳಿದ, ಹಾಕಿ ನೋಡಬೇಕಲ್ಲ ಎಂದು. ಕೊಡಬಾರದಿತ್ತು. ತೊಟ್ಟಿಲ ಮಾತು ಕೇಳಿ ಮನಸ್ಸು ಕರಗಿತ್ತು, ಕೊಟ್ಟುಬಿಟ್ಟೆ.

ಇವತ್ತಿಗೆ ಇಪ್ಪತ್ತೆರಡು ದಿನ. ಫೋನ್ ಮಾಡಿದರೆ ಮೊದಲೆಲ್ಲ ಎತ್ತಿ "ನಾಳಿ ರೀ" ಎನ್ನುತ್ತಿದ್ದ. ಈಗ ರಿಂಗ್ ಆಗಿ ಆಗಿ ಕಟ್ ಆಗುತ್ತದೆ. ಅಂಗಡಿ ಯಾವ ಸೆಕ್ಟರಿನಲ್ಲಿ ಎಂದು ಕೇಳಿಕೊಂಡಿರಲಿಲ್ಲ. ನವನಗರದಲ್ಲಿ ಎಲ್ಲ ಸೆಕ್ಟರುಗಳೂ ಒಂದೇ ಥರ, ಎರಡು ಸಂಜೆ ಸ್ಕೂಟರಿನಲ್ಲಿ ಸುತ್ತಿ ಬಂದೆ. ನಿವೃತ್ತ ಮಾಸ್ತರು ಗುರುತಿನ ಇನ್ನೊಬ್ಬ ಮೆಕ್ಯಾನಿಕ್‌ನ ನಂಬರ್ ಕೊಟ್ಟಿದ್ದಾರೆ, ಅವನನ್ನು ಕೇಳಿದರೆ ಇವನು ಸಿಗಬಹುದಂತೆ. ಹೇಗೂ ಕರೆಯಲೇಬೇಕು. ಫ್ಯಾನು ನಿನ್ನೆಯಿಂದ ಮತ್ತೆ ನಾಲ್ಕು ಸುತ್ತು ತಿರುಗಿ ನಿಲ್ಲುತ್ತಿದೆ.